ರಾಜಧಾನಿ ವರ್ಗವಾದ ದಾರಿಯಲ್ಲಿ

ಕಲಬುರಗಿಯಿಂದ ಬೀದರಿಗೆ ಹೋದ ಮೊದಲ ದೊಡ್ಡ ಕಚೇರಿ ಬಹಮನಿ ಸುಲ್ತಾನರದು. 15ನೇ ಶತಮಾನದ ಮೂರನೇ ದಶಕದಲ್ಲಿ ಅಹಮದ್ ಶಾ ಎಂಬ ಸುಲ್ತಾನ ಖಜಾನೆ, ದಫ್ತರ, ದಂಡು, ಜನಾನಾ ಎಲ್ಲವನ್ನೂ ಕಟ್ಟಿಕೊಂಡು ಈ ದಾರಿ ಹಿಡಿದ. ವರ್ಗಾವಣೆ ಬೇಡವೆಂದು ಎಷ್ಟು ಜನ ಅರ್ಜಿ ಹಿಡಿದು ನಿಂತರೋ, ಎಷ್ಟು ಮಂದಿ ಸಾಹೇಬರ ಕೈಕಾಲು ಹಿಡಿದು ಕಲಬುರಗಿಯಲ್ಲೇ ಉಳಿದರೋ, ಯಾವ ತವಾರೀಖೂ ಬರೆದಿಟ್ಟಿಲ್ಲ. ರಾಜಧಾನಿ ಮಾತ್ರ ವರ್ಗವಾಯಿತು; ಮತ್ತೆ ತಿರುಗಿ ಬರಲಿಲ್ಲ.

ಇವತ್ತು ಎರಡನೇ ಶನಿವಾರ ಬಂದರೆ ಅದೇ ದಾರಿಯಲ್ಲಿ ಬ್ಯಾಂಕಿನವರು, ಶಾಲೆಯ ಮೇಷ್ಟ್ರು-ಟೀಚರುಗಳು, ತಾಲ್ಲೂಕು ಕಚೇರಿಯವರು, ಆಸ್ಪತ್ರೆಯ ಸಿಬ್ಬಂದಿ ಗುಂಪುಗಟ್ಟಿ ಹೊರಡುತ್ತಾರೆ. ಬೆಳಿಗ್ಗೆ ಸುಸಲಾ, ಮಿರ್ಚಿ, ಮಧ್ಯಾಹ್ನ ಬೀದರ, ಭಾನುವಾರ ರಾತ್ರಿ ಮನೆ. ಒಂದೂವರೆ ದಿನದ ಈ ಪ್ರವಾಸಕ್ಕೆ ವಾಟ್ಸ್ಆ್ಯಪ್ ಗುಂಪಿನಲ್ಲಿ ಒಂದೂವರೆ ತಿಂಗಳ ಚರ್ಚೆ ನಡೆದಿರುತ್ತದೆ. ಕೊನೆಗೆ ಹೋಗಿ ನೋಡುವುದು ಕೋಟೆ, ಗುರುದ್ವಾರ, ಝರಣಿ, ಮತ್ತು ಊಟದ ಹೋಟೆಲು. ಒಂದೊಂದು ಕಡೆ ಒಂದೊಂದು ಗ್ರೂಪ್ ಫೋಟೊ. ಸೋಮವಾರ ಯಾರನ್ನಾದರೂ ಕೇಳಿ ನೋಡಿ, ಬೀದರಿನಲ್ಲಿ ಏನಿತ್ತೆಂದರೆ ‘ಛಲೋ ಇತ್ತು’ ಎನ್ನುತ್ತಾರೆ.

ನನಗೆ ಅನಿಸುವುದು ಇಷ್ಟು: ಬೀದರ ಕಚೇರಿಯ ಜನಕ್ಕೆಂದೇ ಇರುವ ಊರು. ಹೆಂಡತಿ ಮಕ್ಕಳ ಜೊತೆ ಹೋದರೆ ಅದು ಕೋಟೆ ಕೊತ್ತಲಗಳ ಊರು. ಸಹೋದ್ಯೋಗಿಗಳ ಜೊತೆ ಹೋದರೆ ವರ್ಗಾವಣೆ, ಬಣ, ಬಡ್ತಿ, ಮೊಹರು, ಖೊಟ್ಟಿ ಕಾಗದ ಇವುಗಳ ಊರು. ಇದನ್ನು ಅರ್ಥ ಮಾಡಿಕೊಳ್ಳಲು ಇತಿಹಾಸದ ಪದವಿ ಬೇಡ. ಹತ್ತು ವರ್ಷ ಒಂದೇ ಸೆಕ್ಷನ್ನಿನಲ್ಲಿ ಕೆಲಸ ಮಾಡಿದ ಯಾರಿಗಾದರೂ ಆಗುತ್ತದೆ.

ಈ ವರ್ಗಾವಣೆ ಯಾಕಾಯಿತು ಎಂದು ದಾರಿಯಲ್ಲೇ ಯಾರಾದರೂ ಕೇಳುತ್ತಾರೆ. ಸುಲ್ತಾನನ ಬೇಟೆನಾಯಿಗಳನ್ನು ಒಂದು ನರಿ ತಿರುಗಿ ಅಟ್ಟಿಸಿತು, ಇದು ವೀರಭೂಮಿ ಎಂದು ಆತ ಇಲ್ಲೇ ನೆಲೆಸಿದ ಎಂಬ ಕಥೆ ಸಿದ್ಧವಾಗಿದೆ. ಅದೇ ಕಥೆ ಹಂಪಿಗೆ ಹೋದರೆ ಮೊಲದ ವೇಷದಲ್ಲಿ ಸಿಗುತ್ತದೆ, ಹಾಗಾಗಿ ಅದನ್ನು ನಕ್ಕು ಬಿಡಬಹುದು. ಕಾರಣಗಳು ಬೇರೆ ಇವೆ. 1422ರಲ್ಲಿ ಅಹಮದ್ ಶಾ ಗದ್ದುಗೆ ಹಿಡಿದದ್ದು ಸ್ವಂತ ಅಣ್ಣ ಫಿರೋಜ್ ಶಾನನ್ನು ಸರಿಸಿ. ಅಣ್ಣನ ಕಾಲದ ಜನ ತುಂಬಿದ ಊರಿನಲ್ಲಿ ಹೊಸ ಸಾಹೇಬನಿಗೆ ಉಸಿರುಗಟ್ಟುವುದು ಸಹಜ. ಬೀದರ ಸಮುದ್ರಮಟ್ಟದಿಂದ ಸುಮಾರು 2200 ಅಡಿ ಎತ್ತರದ ಪ್ರಸ್ಥಭೂಮಿಯ ಅಂಚಿನಲ್ಲಿದೆ. ಕಲಬುರಗಿಯ ಬಿಸಿಲು ಕಂಡವರಿಗೆ ಆ ಎತ್ತರದ ಬೆಲೆ ಹೇಳಬೇಕಿಲ್ಲ. ಕನ್ನಡ, ಮರಾಠಿ, ತೆಲುಗು ಸೀಮೆಗಳು ಕೂಡುವ ಜಾಗವಾದ್ದರಿಂದ ಮೂರೂ ಕಡೆಯ ಕಂದಾಯಕ್ಕೂ ದಂಡಿಗೂ ಅನುಕೂಲ. ಮೇಲಾಗಿ ನೀರು. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಹೋಗುವುದಾದರೆ ರೈಲಿನಲ್ಲೇ ಹೋಗಬೇಕು ಎಂಬುದು ನನ್ನ ಹಟ. ಟಿ.ಟಿ. ಗಾಡಿ ಮಾಡಿಕೊಂಡರೆ ಸಾಹೇಬರು ಡ್ರೈವರ್ ಪಕ್ಕದ ಸೀಟು ಹಿಡಿಯುತ್ತಾರೆ, ಹಿಂದಿನ ಸೀಟಿನವರು ಹಾಡು ಹಾಕುತ್ತಾರೆ, ನಡುವಿನವರು ನಿದ್ದೆ ಹೋಗುತ್ತಾರೆ. ರೈಲಿನಲ್ಲಿ ಎದುರುಬದುರು ಕೂರಲೇಬೇಕು. ಕಲಬುರಗಿ–ಬೀದರ ನಡುವಿನ ಸುಮಾರು 110 ಕಿ.ಮೀ. ಮಾರ್ಗಕ್ಕಾಗಿ ಈ ಭಾಗದ ಜನ ದಶಕಗಳ ಕಾಲ ಕಾದರು. 2017ರ ಅಕ್ಟೋಬರಿನಲ್ಲಿ ಅದು ಪೂರ್ತಿ ತೆರೆಯಿತು. ತೊಗರಿ ಹೊಲಗಳು, ಕೆಂಬಾಳೆಗೆ ಹೆಸರಾದ ಕಮಲಾಪುರ, ಆಮೇಲೆ ಮರಗುತ್ತಿ ಬಳಿ ಒಂದೂವರೆ ಕಿಲೊಮೀಟರಿಗಿಂತ ಉದ್ದದ ಸುರಂಗ. ಸುರಂಗದಲ್ಲಿ ಎಲ್ಲ ವಯಸ್ಸಿನ ನೌಕರರೂ ಕೂಗುತ್ತಾರೆ, ನಿವೃತ್ತಿಗೆ ಆರು ತಿಂಗಳಿದ್ದವರೂ. ಹುಮನಾಬಾದ ಸಮೀಪಿಸುವಾಗ ಎರೆ ಹೊಲಗಳ ನಡುವೆ ಕೆಂಪು ಮಣ್ಣು ಇಣುಕತೊಡಗುತ್ತದೆ. ಬೀದರಿನ ಕೋಟೆ, ಬಾವಿ, ಬಿದರಿ ಕುಸುರಿ ಎಲ್ಲಕ್ಕೂ ಬುಡ ಈ ಕೆಂಪು ನೆಲವೇ.

ಊರು ಮುಟ್ಟಿದ ಮೇಲೆ ಎಲ್ಲರೂ ನೇರ ಕೋಟೆಗೆ ಓಡುತ್ತಾರೆ. ಮೊದಲು ಹಳೇ ಊರಿನೊಳಗಿರುವ ಮಹಮೂದ್ ಗವಾನನ ಮದರಸಾಕ್ಕೆ ಹೋಗಬೇಕು. ಚೌಬಾರಾ ಎಂಬ ಎಪ್ಪತ್ತು ಅಡಿ ಎತ್ತರದ ದುಂಡನೆಯ ಕಾವಲು ಗೋಪುರದಿಂದ ಕೋಟೆಯ ಕಡೆ ನಡೆದರೆ ದಾರಿಯಲ್ಲೇ ಸಿಗುತ್ತದೆ. 1472ರಲ್ಲಿ ಕಟ್ಟಿ ಮುಗಿಸಿದ ಮೂರಂತಸ್ತಿನ ವಿದ್ಯಾಲಯ. ಮಸೀದಿ, ಪಾಠದ ಹಜಾರಗಳು, ವಿದ್ಯಾರ್ಥಿಗಳಿಗೂ ಗುರುಗಳಿಗೂ ಕೋಣೆಗಳು, ಮೂರು ಸಾವಿರ ಹಸ್ತಪ್ರತಿಗಳ ಗ್ರಂಥಾಲಯ ಇದ್ದವು. ಮುಂಭಾಗದಲ್ಲಿ ಎರಡು ಮಿನಾರುಗಳಿದ್ದವು, ಈಗ ಒಂದೇ ಇದೆ. ಔರಂಗಜೇಬನ ಕಾಲದಲ್ಲಿ ಇಲ್ಲಿ ಮದ್ದುಗುಂಡು ತುಂಬಿಟ್ಟಿದ್ದರು. 17ನೇ ಶತಮಾನದ ಕೊನೆಗೆ ಅದು ಸಿಡಿದು ಒಂದು ಮಿನಾರೂ ಕಟ್ಟಡದ ದೊಡ್ಡ ಭಾಗವೂ ಹಾರಿಹೋಯಿತು. ಉಳಿದ ಗೋಡೆಗೆ ನೀಲಿ, ಹಸಿರು, ಹಳದಿ ಹೆಂಚುಗಳು ಇನ್ನೂ ಅಂಟಿಕೊಂಡಿವೆ. ನೆರಳಿನಲ್ಲಿ ನಿಂತು ನೋಡಿದರೆ ಬಣ್ಣ ಮಂಕು. ಇಳಿಹೊತ್ತಿನ ಬಿಸಿಲು ಬೀಳುವ ಸಮಯಕ್ಕೆ ಹೋಗಬೇಕು.

ಕಟ್ಟಡಕ್ಕಿಂತ ಕಟ್ಟಿಸಿದವನ ಸೇವಾ ಪುಸ್ತಕ ಸ್ವಾರಸ್ಯದ್ದು. ಗವಾನ ಇರಾನಿನ ಗೀಲಾನ್ ಸೀಮೆಯವನು. ನಲವತ್ತು ದಾಟಿದ ಮೇಲೆ, 1453ರ ಸುಮಾರಿಗೆ, ವ್ಯಾಪಾರಿಯಾಗಿ ಬೀದರಿಗೆ ಬಂದ. ಹುಮಾಯೂನ್, ಅವನ ಎಳೆಯ ಮಗ ನಿಜಾಮ್, ಆಮೇಲೆ ಮೂರನೇ ಮುಹಮ್ಮದ್ ಹೀಗೆ ಮೂವರು ಸುಲ್ತಾನರ ಕೈಕೆಳಗೆ ಕೆಲಸ ಮಾಡಿ ವಜೀರನ ಕುರ್ಚಿಗೆ ಏರಿದ. 1472ರಲ್ಲಿ ಗೋವೆಯನ್ನು ಗೆದ್ದುಕೊಟ್ಟ. ಇಷ್ಟಕ್ಕೇ ನಿಂತಿದ್ದರೆ ಸುಖವಾಗಿ ನಿವೃತ್ತನಾಗುತ್ತಿದ್ದ. ಆಡಳಿತ ಸುಧಾರಣೆಗೆ ಕೈ ಹಾಕಿದ.

ರಾಜ್ಯ ಆಗ ನಾಲ್ಕು ‘ತರಫ್’ಗಳಾಗಿ, ಅಂದರೆ ನಾಲ್ಕು ಪ್ರಾಂತ್ಯಗಳಾಗಿ ಹಂಚಿಹೋಗಿತ್ತು, ಒಬ್ಬೊಬ್ಬ ತರಫ್‌ದಾರನೂ ತನ್ನ ಸೀಮೆಯಲ್ಲಿ ಪುಟ್ಟ ಸುಲ್ತಾನ. ಗವಾನ ನಾಲ್ಕನ್ನು ಎಂಟು ಮಾಡಿದ. ಒಬ್ಬನ ಕೈಯಲ್ಲಿ ಒಂದೇ ಕೋಟೆ ಬಿಟ್ಟು, ಮಿಕ್ಕ ಕೋಟೆಗಳಿಗೆ ನೇಮಕವನ್ನು ಕೇಂದ್ರಕ್ಕೆ ತಂದುಕೊಂಡ. ಜಮೀನು ಅಳೆಸಿದ. ದಂಡಿನ ಸರದಾರರ ಸಂಬಳ ಏರಿಸಿದ, ಆದರೆ ಪಟ್ಟಿಯಲ್ಲಿ ಹೆಸರಿದ್ದು ಕಣದಲ್ಲಿ ಇಲ್ಲದ ಪ್ರತಿ ಸೈನಿಕನ ಲೆಕ್ಕಕ್ಕೂ ಹಣ ವಾಪಸ್ ಕಟ್ಟಬೇಕೆಂದ. ಇದನ್ನು ಓದಿ ಹೇಳಿದಾಗ ನಮ್ಮ ಗುಂಪಿನಲ್ಲಿ ಬಯೊಮೆಟ್ರಿಕ್ ಹಾಜರಾತಿಯ ಮಾತು ಎದ್ದು, ಹತ್ತು ನಿಮಿಷ ಬಹಮನಿಗಳನ್ನು ಮರೆತೇಬಿಟ್ಟೆವು.

ದರಬಾರಿನಲ್ಲಿ ಎರಡು ಬಣ. ಹಳಬರು, ಇಲ್ಲೇ ಹುಟ್ಟಿ ಬೆಳೆದವರು ‘ದಖನಿ’ಗಳು, ಇರಾನ್, ತುರಾನ್, ಅರಬಸ್ತಾನಗಳಿಂದ ಹೊಸದಾಗಿ ಬಂದವರು ‘ಆಫಾಕಿ’ಗಳು. ಒಳ್ಳೆಯ ಹುದ್ದೆಗಳೆಲ್ಲ ಪರದೇಶಿಗಳ ಪಾಲಾಗುತ್ತಿವೆ ಎಂಬುದು ಒಂದು ಬಣದ ದೂರು, ಕೆಲಸ ಬರದವರಿಗೆ ನೆಲದ ಹಕ್ಕು ಯಾಕೆ ಎಂಬುದು ಇನ್ನೊಂದರದು. ಗವಾನ ತಾನೇ ಆಫಾಕಿಯಾದರೂ ಎರಡೂ ಕಡೆಯವರಿಗೆ ಹುದ್ದೆಗಳನ್ನು ಸಮನಾಗಿ ಹಂಚಲು ನೋಡಿದ. ಎರಡೂ ಕಡೆಯವರನ್ನು ಸಮಾಧಾನಪಡಿಸಲು ಹೊರಟ ಅಧಿಕಾರಿಗೆ ಏನಾಗುತ್ತದೆಂದು ನಾವೆಲ್ಲ ಕಂಡವರೇ.

ದಖನಿ ಬಣದವರು ಗವಾನನ ಮೊಹರು ಇಟ್ಟುಕೊಳ್ಳುತ್ತಿದ್ದ ಕಾರಕೂನನಿಗೆ ಉಡುಗೊರೆ ಕೊಟ್ಟು, ಕುಡಿಸಿ, ಒಂದು ಖಾಲಿ ಕಾಗದದ ಮೇಲೆ ಮೊಹರು ಒತ್ತಿಸಿಕೊಂಡರು. ಅದರ ಮೇಲೆ ಒರಿಸ್ಸಾದ ರಾಜನಿಗೆ ಬರೆದಂತೆ ಪತ್ರ ಸೃಷ್ಟಿಸಿದರು: ದಂಡೆತ್ತಿ ಬಾ, ಇಲ್ಲಿಯ ದೊರೆ ಕುಡುಕ, ರಾಜ್ಯ ಹಂಚಿಕೊಳ್ಳೋಣ ಎಂಬ ಅರ್ಥದ ಪತ್ರ. ಮೂರನೇ ಮುಹಮ್ಮದ್ ಅದನ್ನು ನೋಡಿದಾಗ ಕುಡಿದೇ ಇದ್ದ. ಮೊಹರು ನನ್ನದು, ಪತ್ರ ನನ್ನದಲ್ಲ ಎಂದು ಗವಾನ ಹೇಳಿದನೆಂದು ಇತಿಹಾಸಕಾರ ಫರಿಶ್ತಾ ಬರೆಯುತ್ತಾನೆ. ವಿಚಾರಣೆ ಇಲ್ಲ, ನೋಟಿಸು ಇಲ್ಲ. 1481ರ ಏಪ್ರಿಲ್ 5ರಂದು ಎಪ್ಪತ್ತರ ಆಸುಪಾಸಿನ ಮುದುಕನ ತಲೆ ಹೋಯಿತು.

ಈ ಗವಾನ ಪತ್ರಲೇಖನ ಕಲೆಯ ಬಗ್ಗೆ ‘ಮನಾಜಿರ್ ಉಲ್ ಇನ್ಶಾ’ ಎಂಬ ಕೈಪಿಡಿಯನ್ನೇ ಬರೆದವನು. ಅವನು ಬರೆದ ಪತ್ರಗಳದ್ದೇ ಒಂದು ಸಂಗ್ರಹ ‘ರಿಯಾಜ್ ಉಲ್ ಇನ್ಶಾ’. ಯಾರಿಗೆ ಯಾವ ಸಂಬೋಧನೆ, ಎಲ್ಲಿ ಎಷ್ಟು ವಿನಯ ಎಂದು ಊರಿಗೆಲ್ಲ ಕಲಿಸಿದವನ ತಲೆ ತಾನು ಬರೆಯದ ಪತ್ರಕ್ಕೆ ಹೋಯಿತು. ಅವನ ಮನೆ ಜಪ್ತಿ ಮಾಡಿದಾಗ ಸಿಕ್ಕಿದ್ದು ಅಲ್ಪ. ಸಂಬಳವನ್ನು ದಾನಕ್ಕೂ ದಂಡಿಗೂ ಬಿಟ್ಟು, ತನ್ನ ಖರ್ಚಿಗೆ ವ್ಯಾಪಾರದ ಲಾಭವನ್ನಷ್ಟೇ ಬಳಸುತ್ತಿದ್ದ. ಸುಲ್ತಾನ ಮರುವರ್ಷವೇ ತೀರಿಕೊಂಡ. ಮುಂದಿನ ಕೆಲವು ದಶಕಗಳಲ್ಲಿ ರಾಜ್ಯ ಒಡೆದು ವಿಜಯಪುರ, ಅಹಮದ್‌ನಗರ, ಬೇರಾರ್, ಗೋಲ್ಕೊಂಡ, ಬೀದರ ಎಂದು ಐದಾಯಿತು. ಗವಾನನ ಸಮಾಧಿ ಊರಿನ ದಕ್ಷಿಣಕ್ಕೆ ಗೋರನಳ್ಳಿ ಬಳಿ ಇದೆ. ಗುಮ್ಮಟವಿಲ್ಲ, ಬರೀ ಕಟ್ಟೆ. ಪ್ರವಾಸಿ ಗಾಡಿಗಳು ಅಲ್ಲಿಗೆ ತಿರುಗುವುದೇ ಅಪರೂಪ.

ಇಷ್ಟು ಕೇಳಿಕೊಂಡು ಕೋಟೆಗೆ ಹೋದರೆ ಕೋಟೆ ಬೇರೆಯೇ ಕಾಣುತ್ತದೆ. ಅಫನಾಸಿ ನಿಕಿತಿನ್ ಎಂಬ ರಷ್ಯದ ವರ್ತಕ ಕುದುರೆಯೊಂದನ್ನು ಮಾರಲು 1469ರ ಸುಮಾರಿಗೆ ಇಲ್ಲಿಗೆ ಬಂದಿದ್ದ, ಗವಾನ ಅಧಿಕಾರದ ತುದಿಯಲ್ಲಿದ್ದಾಗಲೇ. ಅರಮನೆಗೆ ಏಳು ಬಾಗಿಲು, ಒಂದೊಂದು ಬಾಗಿಲಲ್ಲೂ ನೂರು ಕಾವಲುಗಾರರು, ನೂರು ಬರಹಗಾರರು. ಒಳಗೆ ಹೋದವರ, ಹೊರಗೆ ಬಂದವರ ಹೆಸರುಗಳನ್ನೆಲ್ಲ ಬರೆದುಕೊಳ್ಳುತ್ತಾರೆ ಎಂದು ಬರೆದಿಟ್ಟಿದ್ದಾನೆ. ಸಂಖ್ಯೆಯಲ್ಲಿ ಉತ್ಪ್ರೇಕ್ಷೆ ಇರಲಿ, ಗೇಟಿನ ರಿಜಿಸ್ಟರು ಇದ್ದದ್ದಂತೂ ನಿಜ. ಸರದಾರರ ವೈಭವವನ್ನೂ ಹಳ್ಳಿಗರ ಬಡತನವನ್ನೂ ಒಂದೇ ಉಸಿರಿನಲ್ಲಿ ಹೇಳಿದವನು ಅವನು.

ಕೋಟೆಯಲ್ಲಿ ನಿಂತು ನೋಡಬೇಕಾದ್ದು ಕಂದಕ. ದಕ್ಷಿಣದ ಕಡೆ ಅದು ಮೂರು ಸಾಲು, ನಡುವೆ ಕಲ್ಲಿನ ಗೋಡೆಗಳು. ಆ ಗೋಡೆಗಳನ್ನು ಕಟ್ಟಿದ್ದಲ್ಲ. ಜಂಬಿಟ್ಟಿಗೆ ಬಂಡೆಯನ್ನು ಕೊರೆಯುವಾಗ ಹಾಗೇ ಬಿಟ್ಟದ್ದು. ಈ ಕಲ್ಲು ನೆಲದೊಳಗೆ ಮೆದು, ಗಾಳಿಗೆ ಬಿದ್ದರೆ ಗಡಸು. ಕಂದಕ ತೋಡಿದ ಕಲ್ಲು ಮೇಲಿನ ಕೋಟೆಗೋಡೆಯಾಯಿತು. ನಮ್ಮ ಎಂಜಿನಿಯರ್ ಮೇಡಂ ಕಂದಕದ ದಂಡೆಯಲ್ಲಿ ನಿಂತು ಸಾಗಾಣಿಕೆ ವೆಚ್ಚ ಸೊನ್ನೆ ಎಂದು ಲೆಕ್ಕ ಹಾಕಿದರು. ಒಳಗೆ 1423–24ರ ಸೋಳಾ ಖಂಬಾ ಮಸೀದಿಯಿದೆ. ಕಂಬಗಳ ನಡುವೆ ನಿಂತರೆ ಹೊರಗಿನ ಸೆಕೆ ಮರೆಯುತ್ತದೆ. ರಂಗೀನ್ ಮಹಲಿನ ಕಟ್ಟಿಗೆಯ ಕೆತ್ತನೆ, ಕರಿಕಲ್ಲಿನಲ್ಲಿ ಕೂರಿಸಿದ ಮುತ್ತಿನ ಚಿಪ್ಪು ಬಹಮನಿಗಳ ನಂತರ ಬೀದರನ್ನು ಆಳಿದ 16ನೇ ಶತಮಾನದ ಬರೀದಶಾಹಿಗಳ ಕೆಲಸ. ಅದಕ್ಕೆ ಸಾಮಾನ್ಯವಾಗಿ ಬೀಗ ಇರುತ್ತದೆ. ಕೋಟೆಯೊಳಗಿನ ಪುರಾತತ್ವ ಇಲಾಖೆಯ ಕಚೇರಿಯಲ್ಲಿ ವಿನಂತಿಸಿಕೊಳ್ಳಬೇಕು. ಗುಂಪಿನಲ್ಲಿ ಒಳ್ಳೆಯ ಅರ್ಜಿ ಬರೆಯುವವರಿದ್ದರೆ ಅವರನ್ನು ಮುಂದೆ ಬಿಡಿ.

ಇನ್ನು ನೀರಿನ ವಿಷಯ. ಎತ್ತರದ ಊರಿಗೆ ನೀರು ಹೇಗೆ? ಬೀದರಿನ ಜಂಬಿಟ್ಟಿಗೆ ಪದರದ ತುಂಬ ರಂಧ್ರ. ಮಳೆ ನೀರು ಸರಾಗ ಇಳಿಯುತ್ತದೆ. ಅದರ ಅಡಿಯಲ್ಲಿ ನೀರು ಬಿಡದ ಕರಿಕಲ್ಲು. ಎರಡೂ ಕೂಡುವಲ್ಲಿ ನೀರು ನಿಲ್ಲುತ್ತದೆ, ಅಲ್ಲಲ್ಲಿ ಝರಿಯಾಗಿ ಒಡೆಯುತ್ತದೆ. ಇರಾನಿನಿಂದ ಬಂದವರಿಗೆ ಇಂಥ ನೀರನ್ನು ಹಿಡಿಯುವ ವಿದ್ಯೆ ಗೊತ್ತಿತ್ತು. ಮೇಲ್ಗಡೆ ಒಂದು ತಾಯಿಬಾವಿ ತೋಡಿ, ಅಲ್ಲಿಂದ ಕೆಳಗಿನ ಊರಿನವರೆಗೆ ನೆಲದಡಿಯಲ್ಲಿ ಸಣ್ಣ ಇಳಿಜಾರಿನ ಸುರಂಗ ಕೊರೆದರು. ಗಾಳಿ ಬೆಳಕಿಗೆ, ಹೂಳು ಎತ್ತಲಿಕ್ಕೆ ನಡುನಡುವೆ ಬಾವಿಗಳಂಥ ಕಿಂಡಿಗಳನ್ನು ಬಿಟ್ಟರು. ಏತವಿಲ್ಲ, ಕಪಿಲೆಯಿಲ್ಲ, ನೀರು ತಾನಾಗಿ ಹರಿದು ಬರುತ್ತದೆ. ಇದೇ ಕರೇಜ್, ಸುರಂಗ ಬಾವಿ ಎಂದೂ ಕರೆಯುತ್ತಾರೆ. ನೌಬಾದಿನ ಕರೇಜ್‌ನ ಹೂಳನ್ನು ಕಳೆದ ದಶಕದಲ್ಲಿ ತೆಗೆಸಿದರು. ಗುಂಪಿನಲ್ಲಿ ಅರ್ಧ ಜನ ‘ಬಾವಿ ನೋಡಲಿಕ್ಕೆ ಇಷ್ಟು ದೂರ ಯಾಕ ಬರಬೇಕ್ರಿ’ ಎನ್ನುತ್ತಾರೆ. ಎಳೆದುಕೊಂಡು ಹೋಗಿ.

ಅದೇ ನೀರು ಝರಣಿ ನರಸಿಂಹನ ಗುಹೆಯಲ್ಲಿ ಎದೆಮಟ್ಟ ನಿಲ್ಲುತ್ತದೆ. ಗುಹೆಯುದ್ದಕ್ಕೂ ನೀರಿನಲ್ಲೇ ನಡೆದು ದರ್ಶನ. ಒದ್ದೆ ಬಟ್ಟೆಯ ಸಾಹೇಬರ ಫೋಟೊ ತೆಗೆಯಬಾರದು ಎಂಬ ನಿಯಮ ಮೊದಲೇ ಮಾಡಿಕೊಂಡು ಹೋಗುವುದು ಒಳ್ಳೆಯದು. ಅದೇ ನೀರು ನಾನಕ್ ಝೀರಾ ಗುರುದ್ವಾರದಲ್ಲೂ ಇದೆ. ಗುರು ನಾನಕರು 16ನೇ ಶತಮಾನದ ಮೊದಲಲ್ಲಿ ಇಲ್ಲಿಗೆ ಬಂದಾಗ ಸಿಹಿನೀರಿನ ಝರಿ ಚಿಮ್ಮಿತೆಂಬುದು ಸಿಖ್ಖರ ನಂಬಿಕೆ. 1699ರಲ್ಲಿ ಗುರು ಗೋವಿಂದ ಸಿಂಗರು ಆರಿಸಿಕೊಂಡ ಐವರು ‘ಪಂಜ್ ಪ್ಯಾರೆ’ಗಳಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗರೂ ಬೀದರಿನವರೇ. ಮಧ್ಯಾಹ್ನದ ಊಟ ಲಂಗರಿನಲ್ಲಿ ಮಾಡುವುದಾದರೆ ತಲೆಗೆ ಬಟ್ಟೆ ಕಟ್ಟಿ, ನೆಲದ ಮೇಲೆ ಸಾಲಾಗಿ ಕೂತು, ರೊಟ್ಟಿಯನ್ನು ಎರಡೂ ಕೈ ಚಾಚಿ ತೆಗೆದುಕೊಳ್ಳಬೇಕು. ಪುಕ್ಕಟೆ ಊಟವೆಂದು ಪ್ರವಾಸದ ಬಜೆಟ್ಟಿನಲ್ಲಿ ತೋರಿಸಿಕೊಳ್ಳುವವರನ್ನು ಕಂಡಿದ್ದೇನೆ. ಉಂಡ ಮೇಲೆ ತಾಸು ಹೊತ್ತು ಪಾತ್ರೆ ತೊಳೆಯಲು ಕೂತರೆ ಲೆಕ್ಕ ಸರಿಹೋದೀತು.

ಭಾನುವಾರ ಬೆಳಿಗ್ಗೆ ಬಿಸಿಲೇರುವ ಮುಂಚೆ ಅಷ್ಟೂರಿಗೆ ಹೋಗಬೇಕು. ಊರ ಪೂರ್ವಕ್ಕೆ ಕೆಲವೇ ಕಿಲೊಮೀಟರು. ಹೊಲಗಳ ನಡುವೆ ಬಹಮನಿ ಸುಲ್ತಾನರ ಗುಮ್ಮಟಗಳು ಒಂದರ ಪಕ್ಕ ಒಂದು. ಬೀದರಿನ ಆಕಾಶದಲ್ಲಿ ಆ ಹೊತ್ತಿಗೆ ವಾಯುಪಡೆಯ ತರಬೇತಿ ವಿಮಾನಗಳು ಕಂಡರೆ ಆಶ್ಚರ್ಯವಿಲ್ಲ. ಸೂರ್ಯಕಿರಣ ತಂಡದ ನೆಲೆಯೂ ಇದೇ ಊರು. ಅಹಮದ್ ಶಾನ ಗುಮ್ಮಟದ ಒಳಮೈಯಲ್ಲಿ ಬಂಗಾರದ ಬಣ್ಣ, ಕುಂಕುಮ ಬಣ್ಣದ ಬರಹಗಳೂ ಬಳ್ಳಿಗಳೂ ತುಂಬಿವೆ. ಒಳಗೆ ಹೋದವರು ಐದು ನಿಮಿಷ ಸುಮ್ಮನೆ ನಿಲ್ಲಬೇಕು. ಕತ್ತಲೆಗೆ ಕಣ್ಣು ಒಗ್ಗಿದ ಮೇಲಷ್ಟೇ ಬಣ್ಣ ಏಳುತ್ತದೆ.

ವಲಿ, ಅಂದರೆ ಸಂತ ಎನಿಸಿಕೊಂಡ ಈ ಸುಲ್ತಾನನಿಗೆ ಹಿಂದೂಗಳೂ ನಡೆದುಕೊಳ್ಳುತ್ತಾರೆ, ಅಲ್ಲಮಪ್ರಭುವೆಂದೇ ನಂಬುವವರಿದ್ದಾರೆ. ಹೋಳಿ ಹುಣ್ಣಿಮೆಯ ನಂತರ ಹಿಂದೂ ಪಂಚಾಂಗದಂತೆ ನಡೆಯುವ ಉರುಸಿಗೆ ಕಲಬುರಗಿ ಜಿಲ್ಲೆಯ ಮಾಡ್ಯಾಳದ ಜಂಗಮರು ಭಕ್ತರ ಜೊತೆ ನಡೆದು ಬರುತ್ತಾರೆ. ಸಮಾಧಿಯ ಮುಂದೆ ಶಂಖ ಊದಿ, ಕಾಯಿ ಒಡೆಯುತ್ತಾರೆ. ರಾಜಧಾನಿ ಹೋದ ಮೇಲೂ ಕಲಬುರಗಿ ಸೀಮೆ ಬೀದರಿಗೆ ನಡೆಯುವುದನ್ನು ಬಿಟ್ಟಿಲ್ಲ.

ಪಕ್ಕದಲ್ಲೇ ಹುಮಾಯೂನನ ಗುಮ್ಮಟ. ‘ಜಾಲಿಮ್’, ಅಂದರೆ ಕ್ರೂರಿ ಎಂದು ಹೆಸರು ಪಡೆದವನು. ಅವನ ಗುಮ್ಮಟಕ್ಕೆ ಸಿಡಿಲು ಬಡಿದು ಅರ್ಧ ಕುಸಿದಿದೆ. ಜನ ಇದರಲ್ಲಿ ದೇವರ ನ್ಯಾಯ ಕಾಣುತ್ತಾರೆ. ಕಟ್ಟಡ ಕಟ್ಟುವವರಿಗೆ ಇದೊಂದು ಪಾಠಶಾಲೆ: ಗೋಡೆಯ ದಪ್ಪ, ಇಟ್ಟಿಗೆ ಸುಣ್ಣದ ಪದರ, ಗುಮ್ಮಟ ಮೇಲೇರುವ ರೀತಿ, ಬೇರೆಲ್ಲೂ ಕಾಣದ ಒಳಗು ಇಲ್ಲಿ ಬಯಲಾಗಿದೆ.

ಹೊರಡುವ ಮುಂಚೆ ಬಿದರಿ. ಚೌಬಾರಾದ ಸುತ್ತಿನ ಓಣಿಗಳಲ್ಲಿ ಕೆಲಸ ನಡೆಯುವುದನ್ನೇ ನೋಡಬಹುದು. ಸತುವು ಹೆಚ್ಚು, ತಾಮ್ರ ಸ್ವಲ್ಪ, ಹದಿನಾರಕ್ಕೆ ಒಂದರಂತೆ ಸೇರಿಸಿದ ಎರಕ. ಅದನ್ನು ಉಜ್ಜಿ, ಮೈಲುತುತ್ತದ ನೀರಿನಿಂದ ತಾತ್ಕಾಲಿಕವಾಗಿ ಕಪ್ಪು ಮಾಡಿ, ಉಳಿಯಿಂದ ಬಳ್ಳಿ ಕೊರೆದು, ಆ ಗೀರಿನೊಳಗೆ ಬೆಳ್ಳಿಯ ತಂತಿ ಬಡಿದು ಕೂರಿಸುತ್ತಾರೆ. ಕೊನೆಗೆ ಕೋಟೆಯ ಹಳೆಯ ಮಣ್ಣು ಮತ್ತು ನವಸಾಗರ ಕಲಸಿದ ಬಿಸಿ ನೀರು. ಸತುವು ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಮಳೆ ಬಿಸಿಲು ತಾಗದ ಮಣ್ಣೇ ಆಗಬೇಕು. ಕುಶಲಕರ್ಮಿಗಳು ನಾಲಗೆಯ ಮೇಲಿಟ್ಟು ಪರೀಕ್ಷಿಸುತ್ತಾರೆ. 2006ರಲ್ಲಿ ಬಿದರಿಗೆ ಭೌಗೋಳಿಕ ಗುರುತು ಸಿಕ್ಕಿತು, 2023ರಲ್ಲಿ ಬಿದರಿ ಕಲಾವಿದ ಶಾ ರಶೀದ್ ಅಹಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು. ನಿವೃತ್ತರಾಗುವವರಿಗೆ ಕಚೇರಿಯಿಂದ ಗಡಿಯಾರವನ್ನೇ ಯಾಕೆ ಕೊಡಬೇಕು? ವಂತಿಗೆ ಹಣದಲ್ಲಿ ಒಂದು ಬಿದರಿ ಹೂದಾನಿ ಬರುತ್ತದೆ. ಚೌಕಾಸಿ ಮಾಡುವ ಮೊದಲು ಐದು ನಿಮಿಷ ಉಳಿ ಹಿಡಿದವರ ಬೆನ್ನು ನೋಡಿದರೆ ಸಾಕು, ದರದ ಮಾತು ತಾನಾಗಿ ಇಳಿಯುತ್ತದೆ.

ವಾಪಸು ರೈಲಿನಲ್ಲಿ ನಮ್ಮವರು ಗವಾನನ ಕಡತ ಮತ್ತೆ ತೆರೆದರು. ಆಡಿಟ್ ಸೆಕ್ಷನ್ನಿನವರದು ಒಂದೇ ಮಾತು, ‘ಮೊಹರು ಕಾರಕೂನನ ಕೈಯಾಗ ಬಿಟ್ಟದ್ದೇ ತಪ್ಪು. ಮೇಲಿನವರ ಲೋಪ ಅದು.’ ಟಪಾಲು ನೋಡುವ ಮೇಡಂ ಒಪ್ಪಲಿಲ್ಲ: ‘ಸಾಹೇಬ್ರ ದಿನಕ್ಕ ನೂರು ಕಾಗದ ನೋಡೋದಿದ್ರ ಮೊಹರು ಯಾರ ಕೈಯಾಗ ಇರಬೇಕ್ರಿ? ಆ ಸುಲ್ತಾನ ಪತ್ರದ ಅಕ್ಷರ ಹೋಲಿಸಿ ನೋಡಬೇಕಿತ್ತು.’ ಸಾಹೇಬರು ಕಿಟಕಿಯ ಕಡೆ ತಿರುಗಿ ಕೂತರು. ಕೊನೆಗೆ ಜವಾನ ಕೇಳಿದ ಪ್ರಶ್ನೆಯೇ ಎಲ್ಲರಿಗೂ ಬೇಕಾಗಿದ್ದದ್ದು: ‘ಅದು ಇರಲಿ ಸರ್, ಆ ಪತ್ರ ಮಾಡಿಸಿದವನಿಗೆ ಪ್ರಮೋಷನ್ ಆತೇನ್ರಿ?’

ಆಯಿತು. ಸಂಚಿನ ಮುಂದಾಳು ಎನ್ನಲಾದ ಮಲಿಕ್ ಹಸನ್ ಗವಾನನ ನಂತರ ದರಬಾರಿನ ಮೊದಲ ಸ್ಥಾನಕ್ಕೇ ಬಂದ. ಐದಾರು ವರ್ಷದೊಳಗೆ ಬೀದರಿನಲ್ಲೇ ಅವನನ್ನೂ ಕೊಂದರು. ಅವನ ಮಗ ಅಹಮದ್ ದೂರದ ಪೋಸ್ಟಿಂಗಿನಲ್ಲಿದ್ದ. ಬೀದರಿನ ಹಂಗು ಹರಿದುಕೊಂಡು ಅಹಮದ್‌ನಗರದ ಸ್ವತಂತ್ರ ರಾಜ್ಯ ಕಟ್ಟಿದವನು ಅವನೇ.